ಡ್ರಮ್ಮಿಗೇ ಸೋರಲಿ

ಬಾಬಾಜಿ ಘಾಡೀಗಾಂವ್ಕರ್. ಐವತ್ನಾಲ್ಕು.
ಮುನಿಸಿಪಾಲಿಟಿಯ ಚಾವಿವಾಲಾ:
ಭೋಯಿವಾಡೆಯ ಗಲ್ಲಿಗಳಿಗೆ ಬೆಳಗಿನ ನಾಲ್ಕಕ್ಕೆ
ಎದೆಮಟ್ಟದ ಕಬ್ಬಿಣದ ಚಾವಿ ತಿರುವಿ ನೀರು ಬಿಡುವವನು.
ನಿನ್ನೆ ತಿರುವುತ್ತಿರುವಾಗಲೇ ಬೆನ್ನೊಳಗೆ
ಪರ್ರೆಂದು ಏನೋ ಹರಿಯಿತಂತೆ.

ನಾನು ಸೂಜಿ ಕೊಡುವವಳು.
ನನ್ನ ಕೈ ಇಲ್ಲಿ ಎಲ್ಲರಿಗೂ ಗೊತ್ತು, ಮುಖ ಅಷ್ಟಾಗಿ ಗೊತ್ತಿಲ್ಲ.

ಮೈಯನ್ನು ಹದಿನೆಂಟು ಡಿಗ್ರಿಗೆ ಇಳಿಸಿ
ರಕ್ತದ ಓಡಾಟವನ್ನೇ ನಿಲ್ಲಿಸಿ
ಗಾಂದೇವಿಯಾ ಸಾಹೇಬರು ಮಹಾಧಮನಿ ಕತ್ತರಿಸಿದರು.
ಒಳಪದರ ಒಂದು ಕಡೆ, ಹೊರಪದರ ಒಂದು ಕಡೆ,
ನೆನೆದ ಪೇಪರು. ಸೂಜಿ ತಾಗಿದರೆ ಸೀಳು.
"ಫೆಲ್ಟ್."
ಬಿಳಿ ಪಟ್ಟಿ ಒಳಗೊಂದು, ಹೊರಗೊಂದು,
ನಡುವೆ ಆ ಬಡ ಗೋಡೆ; ಮೂರಕ್ಕೂ ಸೇರಿಸಿ ನೀಲಿ ನೂಲು.
ಸಡಿಲ ಬಿಡಬಾರದು, ಬಿಗಿಯಲೂಬಾರದು.

ಕ್ಲ್ಯಾಂಪ್ ತೆಗೆದಾಗ ಹೊಸ ಕೊಳವೆ
ತುಂಬಿಕೊಂಡು ಒಮ್ಮೆ ಸೆಟೆದು ನಿಂತಿತು.
ಆಮೇಲೆ ಬೆವರಿತು.
ಸೂಜಿ ಹೊಕ್ಕ ಒಂದೊಂದು ತೂತಲ್ಲೂ ಕೆಂಪು.

ಪ್ರೋಟಮಿನ್ ಕೊಟ್ಟರು. ಅಂಟು ಹಚ್ಚಿದರು.
ಬ್ಲಡ್ ಬ್ಯಾಂಕಿನಿಂದ ಟ್ಯಾಕ್ಸಿಯಲ್ಲಿ ಬಂದ
ಆರು ಚೀಲ ಪ್ಲೇಟ್‌ಲೆಟ್ ಮುಗಿಯಿತು.
ಮುಂದಿನದು ನಿಂತಿತು. ಹಿಂದಿನದು, ಕಾಣದ್ದು, ನಿಲ್ಲಲಿಲ್ಲ.
ಚಿಕ್ಕ ಡಾಕ್ಟರು ಇನ್ನೊಂದು ಹೊಲಿಗೆಗೆ ಕೈ ಚಾಚಿದ.
"ಬೇಡ ಮಗಾ, ಇನ್ನೊಂದು ಸೂಜಿ ಅಂದರೆ ಇನ್ನೆರಡು ತೂತು."
ಗಾಜ್ ತುರುಕಿ, ಅಂಗೈ ಒತ್ತಿ,
ಗಡಿಯಾರ ನೋಡುತ್ತ ನಿಂತೆವು. ಹತ್ತು ನಿಮಿಷ.
ಸಿಕ್ವೇರಾ ಪಂಪಿನ ಹತ್ತಿರ ಒಮ್ಮೆ ಕೆಮ್ಮಿದ.
ಗಾಜ್ ತೆಗೆದರೆ
ಮತ್ತೆ ಅದೇ.

ನಾಯಗಾಂವ್ ಚಾಳಿನಲ್ಲಿ ನಮ್ಮ ಮೋರಿಯ ಪೈಪು ಹೀಗೇ ಸೋರುತ್ತಿತ್ತು.
ಸೈಕಲ್ ಟ್ಯೂಬು ಸುತ್ತಿ, ಸೋಪು ಮೆತ್ತಿ, ಅಪ್ಪನಿಗೆ ಬೈದು,
ಕೊನೆಗೆ ಜಮಖಂಡಿಯ ನನ್ನವ್ವ
ಡಾಲ್ಡಾ ಡಬ್ಬಿ ಸೀಳಿ ತಗಡಿನ ದೋಣಿ ಮಾಡಿ ಕೆಳಗೆ ಕಟ್ಟಿದಳು:
"ಸೋರಿದ್ರ ಸೋರವಲ್ದ್ಯಾಕ, ಡ್ರಮ್ಮಿನ್ಯಾಗ ಸೋರ್ಲಿ."

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಸಾಹೇಬರೇ
ಕತ್ತರಿಸಿಟ್ಟ ಹಳೆಯ ಗೋಡೆಯನ್ನು ಎಳೆದು ತಂದು
ಸಾಲದ ಕಡೆ ಹೃದಯದ ಪೊರೆಯ ತೇಪೆ ಹಾಕಿ
ಹೊಸ ಕೊಳವೆಯ ಸುತ್ತ ಒಂದು ಚೀಲ ಹೊಲಿದರು.
ಸೋರಿದ್ದು ಅಲ್ಲೇ ನಿಲ್ಲುವಂತೆ. ಆ ಚೀಲದಿಂದ
ಬಲ ಹೃತ್ಕರ್ಣಕ್ಕೆ ಕಿರುಬೆರಳ ಉಗುರಿನಷ್ಟು ಒಂದು ಬಾಗಿಲು.

ಚೀಲ ಉಬ್ಬಿತು. ಆಮೇಲೆ ನಿಧಾನ ಇಳಿಯಿತು.
ಸೋರುವುದು ಸೋರುತ್ತಲೇ ಇತ್ತು,
ಹೊರಗೆ ಮಾತ್ರ ಬರಲಿಲ್ಲ.
ವಾರದಲ್ಲಿ ಅದೇ ಮುಚ್ಚಿಕೊಳ್ಳಬಹುದು ಎಂದರು. ಬಹುದು.

ನಾಲ್ಕೂವರೆಗೆ ಹೊರಗೆ ಬಂದೆ.
ಬೆಂಚಿನ ತುದಿಯಲ್ಲಿ ಮಗಳು.
"ರಕ್ತ ನಿಂತಿತಾ ಸಿಸ್ಟರ್?"
"ಒಳಗೇ ಇದೆ" ಎಂದೆ.
ಅವಳಿಗೆ ಏನು ತಿಳಿಯಿತೋ, ತಲೆಯಾಡಿಸಿದಳು.
ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ ಆ ಉದ್ದನೆಯ ಚಾವಿ,
ತುದಿಯಲ್ಲಿ ಇನ್ನೂ ಹಸಿ ಮಣ್ಣು.
"ಇದನ್ನು ಯಾರಿಗೆ ಕೊಡಬೇಕು?" ಅಂದಳು,
"ನಾಲ್ಕಕ್ಕೇ ನೀರು ಬಿಡಬೇಕಿತ್ತು."