ಹತ್ತು ಬುಟ್ಟಿ ಹೂಳು

ಚದರ ಅಡಿಗೆ ಹದಿನಾಲ್ಕು ರೂಪಾಯಿ.
ಫ್ರೇಮು ಬ್ಯಾರೆ.
ನಕ್ಕ ಮಾರಿಗೂ ಅದ ರೇಟು, ಸತ್ತ ಮಾರಿಗೂ ಅದ.
ಹನ್ನೊಂದು ವರ್ಷಾತು ನಾ ಫ್ಲೆಕ್ಸ್ ಹೊಡಿಯಾಕ ಹತ್ತಿ,
ವಿಜಾಪುರದಾಗ, ಹೂಗಾರ ಓಣ್ಯಾಗ.
ಮಷೀನು ಕುಂಯ್ ಅಂತ ಎಡಕ್ಕ ಹೋಗತೈತಿ, ಬಲಕ್ಕ ಬರತೈತಿ,
ಒಬ್ಬ ಮುಖಂಡ ಹಣಿಯಿಂದ ಸುರುವಾಗಿ
ಕೈಮುಗಿಯೂದರೊಳಗ ಮುಗೀತಾನ.

ಲಾಡ್ಲೇಸಾಬಗ ನನ್ನ ಮ್ಯಾಲ ಸಿಟ್ಟಿರಬೇಕಿತ್ತು.
ಅಂವ ಬರದ ಗ್ವಾಡಿಗೋಳು ನನಗ ನೆನಪದಾವು:
ಬೀಡಿ ಕಟ್ಟಿನ ಹುಲಿ, ಟಾಕೀಜಿನ ಹೀರೊಯಿನ್ನು,
ಕಿರಾಣಿ ಅಂಗಡಿ ಹಲಗಿ ಮ್ಯಾಲ 'ಉದ್ರಿ ನಾಳೆ'.
ಆ 'ಳೆ'ಕ್ಕ ಎಂಥಾ ಬಾಲ ಎಳೀತಿದ್ದ!
ನನ್ನ ಮಷೀನು ಬಂದ ವರ್ಷ
ಬ್ರಶ್ಶು ತೊಳದು ಎಣ್ಣಿಡಬ್ಬ್ಯಾಗ ನಿಂದ್ರಿಸಿ
ಎತ್ತಿನ ಕೋಡಿಗೆ ಬಣ್ಣ ಹಚ್ಚಾಕ ಹ್ವಾದ.
ಚಾಕ್ಕ ಬರೂದು ಬಿಡಲಿಲ್ಲ.
"ನಿನ್ನ ಬಣ್ಣದ್ದು ವಾಸನಿ ಭಾಳ" ಅಂತಿದ್ದ, ಅಷ್ಟ.

ಓಣಿ ತುದಿಗೆ ಒಂದು ಬಾವಡಿ.
ಬಾದಶಹರ ಕಾಲದ್ದಂತ. ನಮಗ ಗೊತ್ತಿದ್ದದ್ದು
ಕಸದ ಕಾಲದ್ದು.
ಈ ಬ್ಯಾಸಗ್ಯಾಗ, ಟ್ಯಾಂಕರು ಒಂಬತ್ತು ದಿನಕ್ಕೊಮ್ಮೆ ಬರೂ ಹೊತ್ತಿಗೆ,
ಲಾಡ್ಲೇಸಾಬ ಒಬ್ಬನ ಇಳದ.
ಮೂರು ದಿನ ಮ್ಯಾಲ ಬಂದದ್ದು
ಬರೇ ನನ್ನ ಮಾಲು.

ಜನುಮದಿನದ ಶುಭಾಶಯ, ಕೆಸರು.
ಹಾರ್ದಿಕ ಸುಸ್ವಾಗತ, ಕೆಸರು.
ಗೆದ್ದಾಂವ ಸೋತಾಂವ ಒಂದಕ್ಕೊಂದು ಅಂಟಿಕೊಂಡು
ಬಿಡಸಾಕ ಎರಡಾಳು ಬೇಕಾತು.

ಸುಡತಾನ ಅಂದಕೊಂಡಿದ್ದೆ.
ಸುಡಲಿಲ್ಲ. ತೊಳೀಲೂ ಇಲ್ಲ.
ಬಾವಡಿ ಸುತ್ತ ಹಗ್ಗ ಕಟ್ಟಿ
ದೀಡನೂರು ಮಾರಿ ನೇತುಹಾಕಿದ, ಒಗದ ಅರಿವ್ಯಾಂಗ.
ಆಮ್ಯಾಲ ಎಣ್ಣಿಡಬ್ಬಿ ತಗದ.
ಗ್ವಾಡಿಗೆ ಮುಟ್ಟಲಿಲ್ಲ.
"ಹಳೇ ಕಲ್ಲಿಗೆ ಬಣ್ಣ ಹಚ್ಚಬಾರದು" ಅಂದು
ಒಂದು ಮುರುಕ ಬಾಗಲಾ ನಿಂದ್ರಿಸಿ ಬರದ:
ನಿಮ್ಮ ಮಾರಿ ನೀವು ಒಯ್ಯರಿ.
ಬೆಲೆ ಹತ್ತು ಬುಟ್ಟಿ ಹೂಳು.
ಉದ್ರಿ ನಾಳೆ.

'ಳೆ'ಕ್ಕ ಅದ ಬಾಲ.

ಮಂದಿ ಮೊದಲ ನಗಾಕ ಬಂದ್ರು.
ಹುಡುಗೂರು ಫೋನು ಹಿಡದು ಬಂದ್ರು.
ಮೊದಲ ಇಳದಾಕಿ ಬಾಳಿಹಣ್ಣಿನ ನೀಲವ್ವ,
ಮೊಮ್ಮಗನ ಜಾವಳದ ಫೋಟೋ, ಮೂಗಿನ ಜಾಗಾದಾಗ ತೂತು.
"ಲಾಭ, ಎರಡು, ಮೂರು" ಅಂತ
ರಾಶ್ಯಾಗ ಜ್ವಾಳ ಅಳದಾಂಗ ಹೂಳು ಅಳದಳು.
ಮಾಜಿ ಮೆಂಬರು ರಾವಸಾಹೇಬರದ್ದು ಏಳು ಮಾರಿ.
ಆಳು ಕಳಿಸಿದ್ರು.
"ಮಾರಿ ಯಾರದೋ ಬೆನ್ನು ಅವರದ" ಅಂದ ಲಾಡ್ಲೇಸಾಬ.
ರಾತ್ರಿ ಬಂದ್ರಂತ, ಲೈಟು ಹಚ್ಚದ.
ಒಂಬತ್ತನೇ ಬುಟ್ಟಿಗೆ ಸೊಂಟ ಹಿಡೀತು.
ಏಳೂ ಮಾರಿ ಇನ್ನೂ ತೂಗತಾವು.

ನಾ ಹೋಗಲಿಲ್ಲ.
ನನ್ನ ಮಾರಿ ಎಲ್ಲೈತಿ ಅಲ್ಲಿ? ನಾ ಬರೇ ಮಷೀನು.

ಒಂದಿನ ಸಂಜಿಗೆ ಅಂವ ಚಾ ಅರ್ಧ ಬಿಟ್ಟು ಅಂದ,
"ಮೂಡಣ ಮೂಲ್ಯಾಗ ಒಂದೈತಿ. ನೋಡು."

ಪ್ರಥಮ ಪುಣ್ಯಸ್ಮರಣೆ. ಗೌರಾಬಾಯಿ.
ಹತ್ತು ಬೈ ಎಂಟು, ನಾನ ಹೊಡದದ್ದು, ರೊಕ್ಕಿಲ್ಲದ.
ಕಂಬದಿಂದ ಯಾರು ಇಳಸಿದ್ರೋ, ನಾ ಕೇಳಿರಲಿಲ್ಲ.
ಅಸಲ ಫೋಟೋದಾಗ ಅವ್ವನ ತೆಲಿ ಮ್ಯಾಲ ಸಿಂಬಿ ಇತ್ತು,
ಸಿಂಬಿ ಮ್ಯಾಲ ಕೊಡ, ಹಿಂದ ಇದ ಬಾವಡಿ ಮೆಟ್ಟಲು.
ಛಂದ ಕಾಣಂಗಿಲ್ಲಂತ ಕೊಡ ಕತ್ತರಿಸಿದ್ದೆ,
ಮೆಟ್ಟಲ ಅಳಿಸಿದ್ದೆ,
ಯಾವದೋ ದೇಶದ ಮೋಡ ತುಂಬಿದ್ದೆ.

ಮೋಡದ ಮ್ಯಾಲ ಈಗ ಹೂಳು ಕೂತಿತ್ತು,
ಕರೆಕ್ಟ್ ಮೆಟ್ಟಲದ ಬಣ್ಣದ್ದು.

ಇಳದೆ. ಲಾಭ. ಎರಡು.
ಮೂರಕ್ಕ ಶರ್ಟು ತಗದೆ.
ಆರಕ್ಕ ನೀಲವ್ವನ ಮಗ ಕೈ ಕೊಡಾಕ ಬಂದ, ಬ್ಯಾಡಂದೆ,
ಏಳಕ್ಕ ನಾನ ಕರದೆ.
ಹತ್ತಾತು. ಲಾಡ್ಲೇಸಾಬ ಗಂಟು ಬಿಚ್ಚಿ ಕೊಟ್ಟ.
ಮಡಿಚಿದ್ರ ಮಡಿಕಿ ನಿಲ್ಲಲಿಲ್ಲ, ಸುತ್ತಿ ಹೆಗಲಿಗೆ ಹಾಕ್ಕೊಂಡೆ.
ಭಾಳ ಹಗರಿದ್ದಳು.

ಅಂಗಡ್ಯಾಗ ನಾಳಿನ ಡೆಲಿವರಿ,
ಮಷೀನಿನ್ಯಾಗ ಒಬ್ಬಾಂವ ಬಾಯಿತನಕ ಬಂದು ನಿಂತಾನ.
ಬಂದ್ ಮಾಡಿಲ್ಲ. ಸುರುನೂ ಮಾಡಿಲ್ಲ.
ತಳದಾಗ ಒಂದು ಕಲ್ಲು ಹಸಿ ಆಗೇತಂತ ಯಾರೋ ಕೂಗಿದ್ರು.
ಅವ್ವನ್ನ ಕಟ್ಟಿ ಮ್ಯಾಲ ಇಟ್ಟೆ.
ಬುಟ್ಟಿ ತಗೊಂಡೆ.
ಲಾಭ.