ಇಪ್ಪತ್ಮೂರರ ಲೆಕ್ಕ

ಕಂಪನಿಯ ದಫ್ತರ ಹೇಳುವುದು ಇಪ್ಪತ್ಮೂರು.
ಅಪ್ಪ ಸಾಯುವವರೆಗೂ ಹೇಳಿದ್ದು ಇಪ್ಪತ್ನಾಲ್ಕು.

ಡೂಗಲ್ಡ್ ಮೆಕಾರಾ, ಗ್ಲಾಸ್ಗೋದಲ್ಲಿ ರಿವೆಟ್ ಬಡಿಯುವವನು:
ಎಡಗಿವಿ ಮೂವತ್ತಕ್ಕೇ ಹೋಯಿತು,
ಬಲಗಿವಿಯನ್ನು ಭಾನುವಾರದ ಉಪದೇಶಕ್ಕೆಂದು ಉಳಿಸಿಕೊಂಡ.
ಅಮ್ಮ ಒಲೆಯ ಮುಂದೆ ಏನೇ ಅಂದರೂ
ಇಪ್ಪತ್ನಾಲ್ಕು ಎಂದೇ ಅವನ ಉತ್ತರ.

ದೊಡ್ಡ ವಂಶದ ಎಂಜಿನ್ನುಗಳಲ್ಲ ಅವು.
ಕಲ್ಲಿದ್ದಲ ಬಂಡಿ ಹಿಂದೆ ಎಳೆದುಕೊಂಡು
ಲಂಡನ್ನಿಗೆ ಓಡುವ ಠೀವಿಯಿಲ್ಲ.
ಸೊಂಟದ ಎರಡೂ ಕಡೆ ಕೊಡವಿಟ್ಟ ಹೆಂಗಸಿನಂತೆ
ತಮ್ಮ ನೀರನ್ನು ತಾವೇ ಹೊತ್ತು
ಗ್ರೀನಕ್ಕಿಗೆ ಮುಖ ಮಾಡಿ ಹೋಗಿ
ಬೆನ್ನು ಮಾಡಿ ವಾಪಸ್ಸು. ತಿರುಗಿಸಿ ನಿಲ್ಲಿಸುವವರು ಬೇಡ.
ನಸುಕಿನ ಐದಕ್ಕೆ ಹಡಗುಕಟ್ಟೆಯ ಆಳುಗಳು,
ಮಧ್ಯಾಹ್ನ ಹೆರಿಂಗ್ ಮೀನಿನ ಪೀಪಾಯಿ,
ಜುಲೈನಲ್ಲಿ ಸಮುದ್ರ ಕಾಣಹೊರಟ ಮಕ್ಕಳು, ವಾಂತಿ, ಬಕೆಟ್ಟು.

ಮಾಲೀಕರು ಬದಲಾದರು, ಮತ್ತೆ ಬದಲಾದರು.
ನೀಲಿ ಹೋಗಿ ಕಪ್ಪಾಯಿತು, ಕಪ್ಪಿನ ಮೇಲೆ ಬೇರೆ ಕಪ್ಪು,
ನಂಬರು ಕೆರೆದು ನಂಬರು ಬರೆದರು.
ಎರಡನೇ ಯುದ್ಧದಲ್ಲಿ ನಾನೇ ಒರೆಸಿದೆ ಒಂದನ್ನು,
ಎಣ್ಣೆಬಟ್ಟೆ ಹಿಡಿದು, ಗಂಡಸರ ಷರಾಯಿ ತೊಟ್ಟು.
ಬಾಂಬಿನ ರಾತ್ರಿ ಅದರ ಹೊಟ್ಟೆ ಬೆಚ್ಚಗಿತ್ತು;
ಒರಗಿ ನಿದ್ದೆಹೋದೆ. ಮೇಸ್ತ್ರಿ ಬೈಯಲಿಲ್ಲ.

ಆಮೇಲೆ ಡೀಸೆಲ್.
ಆಮೇಲೆ ಮದರ್‌ವೆಲ್ಲಿನ ಗುಜರಿಯಂಗಳ, ಅಲ್ಲಿ ನಾನು ಗುಮಾಸ್ತೆ.
ಬಂದದ್ದನ್ನು ಬರೆದುಕೊಳ್ಳುವುದು: ನಂಬರು, ತೂಕ, ತಾಮ್ರ ಎಷ್ಟು.
ಅತ್ತೆ ಎಂದರೆ ಸುಳ್ಳಾದೀತು; ಬೆರಳು ಚಳಿಗೆ ಮರಗಟ್ಟಿದ್ದವು, ಅಷ್ಟೆ.

ಕೊನೆಯದರ ದಿನ
ಗ್ಯಾಸಿನಿಂದ ಕೊಯ್ಯುವ ಫಿಂಡ್ಲೇ ಸ್ಟ್ರಥರ್ಸ್ ಕೂಗಿದ:
ಇಶ್ಬೆಲ್, ಬಾ ಇಲ್ಲಿ.
ಹಬೆಗುಮ್ಮಟದ ಒಳಮೈಯಲ್ಲಿ, ತುಕ್ಕಿನ ಹಕ್ಕಳೆ ಉದುರಿದಲ್ಲಿ,
ಉಳಿಯಿಂದ ಹೊಡೆದ ಎರಡಂಕಿ: ಎರಡು, ನಾಲ್ಕು.
ಪಕ್ಕದಲ್ಲೊಂದು ಡೊಂಕು ಅಕ್ಷರ, ಅಪ್ಪನದು.

ಪರೀಕ್ಷೆಯ ದಿನವೇ ಒಂದರ ಬಾಯ್ಲರು ಬಿರಿದಿರಬೇಕು.
ಬಿಸಾಡುವ ಜನವಲ್ಲ ನಮ್ಮದು:
ಚಕ್ರ ಅದಕ್ಕೆ, ಕೊಳವೆ ಇದಕ್ಕೆ, ಗುಮ್ಮಟ ಇನ್ನೊಂದಕ್ಕೆ,
ಸತ್ತವನ ಕೋಟು ಬೂಟುಗಳಂತೆ ಹಂಚಿಹೋಗಿ
ಅದೂ ಓಡಿದೆ ಐವತ್ತೈದು ವರ್ಷ, ಲೆಕ್ಕಕ್ಕೆ ಸಿಗದೆ.

ಇಟ್ಟುಕೊಳ್ಳುತ್ತೀಯಾ, ಎಂದ ಫಿಂಡ್ಲೇ.
ಅಷ್ಟು ದಪ್ಪ ತಗಡು. ನಮ್ಮದು ಮೂರನೇ ಮಹಡಿ.
ಕೊಯ್ಯಿ ಎಂದೆ.
ಪುಸ್ತಕದಲ್ಲಿ ಇಪ್ಪತ್ಮೂರು ಅಂತಲೇ ಮೊಹರು ಒತ್ತಿದೆ,
ಸಂಬಳ ಕೊಡುವವರ ಪುಸ್ತಕ ಅದು.

ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಎಣಿಸಿ ಕೈಗಿಟ್ಟಾಗ
ನಾನೂ ಒಮ್ಮೆ ಎಣಿಸಿದೆ, ಒಂದರಿಂದ, ಕೊನೆಯವರೆಗೆ,
ಸ್ವಲ್ಪ ಗಟ್ಟಿಯಾಗಿ,
ಬಲಗಿವಿಗೆ ಕೇಳಿಸುವಷ್ಟು.