ಖಾಲಿ ಸೀಟಿನ ಲೆಕ್ಕ

ಹ್ಯೂಆನ್ ನದಿಯ ಮಂಜು ಇನ್ನೂ ಎದ್ದಿರುವುದಿಲ್ಲ,
ನಾನು ಎದ್ದಿರುತ್ತೇನೆ.
ಟಾಸ್ಮೇನಿಯಾದ ಈ ತುದಿಯಲ್ಲಿ ಜುಲೈ ಅಂದರೆ ಕೊರೆವ ಚಳಿ.
ಗಾಜಿನ ಮೇಲೆ ಕಟ್ಟಿದ ಹಿಮಕ್ಕೆ ಉಗುರುಬೆಚ್ಚನೆ ನೀರು ಹೊಯ್ದು
ಬಸ್ಸನ್ನು ಎಬ್ಬಿಸುತ್ತೇನೆ.
ಇಪ್ಪತ್ತಾರು ವರ್ಷದಿಂದ ಇದೇ ದಾರಿ, ಮೂವತ್ತೊಂಬತ್ತು ಸೀಟು.

ಒಂದು ಕಾಲಕ್ಕೆ ಮಕ್ಕಳು ನಿಂತು ಹೋಗುತ್ತಿದ್ದರು,
ಪೆಟ್ಟಿಗೆಗೆ ಸೇಬು ತುಂಬಿದ ಹಾಗೆ,
ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ.
ಈಗ ಹನ್ನೊಂದು.
ಯಾರೂ ಊರು ಬಿಟ್ಟಿಲ್ಲ. ಯಾರೂ ಸತ್ತಿಲ್ಲ.
ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ, ಅಷ್ಟೆ.

ಮೊದಲು ತಪ್ಪಿದ್ದು ಕ್ವಿಗ್ಲಿಯವರ ಗೇಟು.
ಥರ್ಜಾ ಕ್ವಿಗ್ಲಿ ಹಿಂದೆ ನರ್ಸು. ಅಡಿಗೆಮನೆ ಮೇಜಿನ ಮೇಲೆ
ಹಿತ್ತಾಳೆ ಗಂಟೆ ಇಟ್ಟುಕೊಂಡಿದ್ದಾಳೆ.
ಎಂಟೂವರೆಗೆ ಬಾರಿಸಿದರೆ ಮೂರು ಮಕ್ಕಳು ಸಮವಸ್ತ್ರ ತೊಟ್ಟು
ಮಲಗುವ ಕೋಣೆಯಿಂದ ಸಾಲಾಗಿ ಶಾಲೆಗೆ ಬರುತ್ತಾರೆ,
ಹನ್ನೆರಡು ಹೆಜ್ಜೆ.
ತಡವಾದರೆ ಕಾರಣ ಕೇಳುತ್ತಾಳಂತೆ.

ಅದರಾಚೆಯ ತಿರುವಿನಲ್ಲಿ ಆಂಬ್ರೋಸ್ ಪೆಟ್ರಿ,
ಮರದ ದೋಣಿ ಕಟ್ಟುವವನು. ಅವನಲ್ಲಿ ಗಂಟೆಯೂ ಇಲ್ಲ, ಪಾಠವೂ ಇಲ್ಲ.
"ಕಲಿ ಅಂತ ನಾನು ಹೇಳೋದೇ ಇಲ್ಲ" ಎನ್ನುತ್ತಾನೆ.
ಮಗಳು ಒಡೆಟ್ ಒಂಬತ್ತು ತುಂಬಿದರೂ ಓದಲಿಲ್ಲ,
ಊರೆಲ್ಲ ಆಡಿಕೊಂಡಿತು.
ಆಮೇಲೊಂದು ದಿನ ದೋಣಿ ಎಂಜಿನ್ನಿನ ಕೈಪಿಡಿ ಹಿಡಿದು ಕೂತವಳು
ಎದ್ದದ್ದು ಕಡೇ ಪುಟಕ್ಕಂತೆ.
ನಿಜವೋ, ಆಂಬ್ರೋಸನ ಮೀನಿನ ಕಥೆಗಳ ಜಾತಿಯದೋ, ಕಾಣೆ.
ನನ್ನ ಬಸ್ಸಿನ ಕೆಮ್ಮು ಕೇಳಿ
"ಡೀಸೆಲ್ ಫಿಲ್ಟರ್" ಅಂದವಳು ಮಾತ್ರ ಅವಳೇ.

ಗುರುವಾರ ಚರ್ಚಿನ ಹಾಲಿನಲ್ಲಿ ಇವರೆಲ್ಲ ಸೇರುತ್ತಾರೆ.
ಹೋದ ವರ್ಷ ನಾಲ್ಕು ಕಾರು. ಈಗ ಹುಲ್ಲಿನ ಮೇಲೂ ಕಾರು.
ಒಂದೇ ಕೇಕಿನ ಎರಡು ತುದಿಯಲ್ಲಿ ನಿಂತು
ಥರ್ಜಾ, ಆಂಬ್ರೋಸ್ ಜಗಳವಾಡುತ್ತಾರೆ.
ಮಕ್ಕಳು ಹೊರಗೆ ಮರ ಹತ್ತಿರುತ್ತಾರೆ.

ಎಲ್ಲ ಮನೆಯೂ ಹೀಗಲ್ಲ.
ಗುಡ್ಡದ ಮೇಲಿನ ನೀಲಿ ಮನೆಯ ಕಿಟಕಿಯಲ್ಲಿ ಒಬ್ಬ ಹುಡುಗಿ.
ಹೆಸರು ಗೊತ್ತಿಲ್ಲ, ಎಂದೂ ಬಸ್ಸು ಹತ್ತಿದವಳಲ್ಲ.
ನಾನು ಹಾಯುವಾಗ ಪರದೆ ಬೆರಳಷ್ಟು ಸರಿಯುತ್ತದೆ.
ಅಲ್ಲಿ ನಿಧಾನ ಹೋಗುತ್ತೇನೆ.
ಅಷ್ಟು ಬಿಟ್ಟು ಇನ್ನೇನು ಮಾಡಲಿ.

ಶಾಲೆಗೆ ಹೋಗಿ ನಾನಾದರೂ ಏನು ಕಲಿತೆ?
ತೊದಲಿದ್ದಕ್ಕೆ ಮೂಲೆಯಲ್ಲಿ ನಿಂತು
ಕಿಟಕಿಯಾಚೆಯ ಮರದ ಲಾರಿಗಳ ನಂಬರು ಕಲಿತೆ.
ಹಾಗೆಂದು, ತೊದಲುವಾಗ ನಗದೆ ಕಾದವನೂ
ಅದೇ ಕೋಣೆಯಲ್ಲೇ ಸಿಕ್ಕಿದ.
ನಲವತ್ತೈದು ವರ್ಷದಿಂದ ಭಾನುವಾರ ಒಟ್ಟಿಗೆ ಗಾಳ ಹಾಕುತ್ತೇವೆ.
ಅವನನ್ನು ಯಾವ ಅಡಿಗೆಮನೆಯಲ್ಲಿ ಹುಡುಕುತ್ತಿದ್ದೆ?

ಕಳೆದ ವಾರ, ಹಳೆಯ ಸೇಬಿನ ಗೋದಾಮಿನ ಹತ್ತಿರ
ಕಾರ್ವಿನ್ ಕೈ ಅಡ್ಡ ಹಿಡಿದ.
ಹತ್ತು ವರ್ಷದವನು, ಗಮ್‌ಬೂಟು, ಕೊರಳಿಗೆ ದಾರ ಕಟ್ಟಿದ ನೋಟ್‌ಬುಕ್ಕು.
ಅವನ ತಾಯಿಯ ಪಾಠ ಇಷ್ಟೇ: ಕಂಡದ್ದು ಬರಿ, ಬರೆದದ್ದನ್ನು ಮತ್ತೆ ನೋಡು.
ಎರಡು ವರ್ಷದಿಂದ ಬೇಲಿಯ ಮೇಲೆ ಕೂರುತ್ತಾನೆ,
ಹಕ್ಕಿ ನೋಡುತ್ತಾನೆ ಅಂದುಕೊಂಡಿದ್ದೆ.
ನೋಡುತ್ತಿದ್ದದ್ದು ನನ್ನನ್ನು.

ದಿನಾಂಕ, ಹೊತ್ತು, ಕಿಟಕಿಯಲ್ಲಿ ಕಂಡ ತಲೆಗಳು.
ಇಪ್ಪತ್ತಮೂರು. ಇಪ್ಪತ್ತು. ಹದಿನಾರು.
ಚೌಕುಳಿ ಕಾಗದದ ಮೇಲೆ ನೀಲಿ ಗೆರೆಯೊಂದು
ನಮ್ಮ ಇಳಿಜಾರು ರಸ್ತೆಯ ಹಾಗೇ ಇಳಿದು ಬಂದಿತ್ತು.
ತಡವಾದ ಮೂರು ದಿನ ಕೆಂಪಿನಲ್ಲಿ.
ಜೂನ್ ಒಂಬತ್ತು: ಹೆಂಡತಿಗೆ ಉಸಿರು ಸಿಕ್ಕದ ಬೆಳಗು.
ಅದನ್ನವನು ಬರೆದಿಲ್ಲ. ಬೇಲಿಯಿಂದ ಕಾಣುವುದಿಲ್ಲವಲ್ಲ.

"ಇದು ಸೊನ್ನೆ ಮುಟ್ಟೋದು ಯಾವತ್ತು ಅಂತ ಲೆಕ್ಕ ಹಾಕಿದೀನಿ,
ಹೇಳಲಾ?"
ಬೇಡ ಅಂದೆ.
ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ನಿಂತ.
"ಒಂದು ತಪ್ಪಾಗಿದೆ ಇದರಲ್ಲಿ. ಡ್ರೈವರನ್ನ ನಾನು ಎಣಿಸಿಲ್ಲ."
ಅಲ್ಲೇ ಮೊಣಕಾಲ ಮೇಲೆ ಪುಸ್ತಕ ಊರಿ
ಎರಡು ವರ್ಷದ ಬೆಳಗುಗಳಿಗೆಲ್ಲ
ಒಂದೊಂದು ಕೂಡಿಸತೊಡಗಿದ.

ಹಿಂದೆ ಹನ್ನೊಂದು ಮಕ್ಕಳ ಗಲಾಟೆ. ಹೊತ್ತಾಗುತ್ತಿತ್ತು.
ಕೆಂಪಿನಲ್ಲಿ ಬರೆದುಕೊಳ್ಳಲಿ ಎಂದು
ನಿಂತೇ ಇದ್ದೆ.